ಶೆಡ್ಡಿನ ಜೀಪಿಗೆ ಮಾನ, ದುಡಿಯುವ ಜೀಪಿಗೆ ಗುಜರಿ?

ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನ ಬಾನೆಟ್ ಎತ್ತಿದರೆ ಒಂದು ಪುಟ್ಟ ಜಾಣತನ ಕಣ್ಣಿಗೆ ಬೀಳುತ್ತದೆ. ಅದರ ಹೆಡ್‌ಲೈಟುಗಳನ್ನು ಕೂರಿಸಿರುವುದು ಕೀಲಿನ ಮೇಲೆ. ನಟ್ ಸಡಿಲಿಸಿ ದೀಪವನ್ನು ಹಿಂದಕ್ಕೆ ಮಗುಚಿದರೆ ಬೆಳಕು ರಸ್ತೆಯನ್ನು ಬಿಟ್ಟು ಎಂಜಿನ್ ಮೇಲೆ ಬೀಳುತ್ತದೆ. ಕತ್ತಲಲ್ಲಿ ಟಾರ್ಚ್ ಹಿಡಿಯುವವರು ಇಲ್ಲದಿದ್ದರೂ ರಿಪೇರಿ ನಿಲ್ಲುವುದಿಲ್ಲ. ಹಳೆಯ ಸೇನಾ ವಾಹನಗಳ ಹುಚ್ಚು ಹಿಡಿದವರು ವೇಗದ ಬಗ್ಗೆ ಮಾತಾಡುವುದು ಕಡಿಮೆ. ಅವರು ತೋರಿಸುವುದು ಇಂಥ ಕೀಲುಗಳನ್ನು, ಮಡಚಿ ಬಾನೆಟ್ ಮೇಲೆ ಮಲಗಿಸಬಹುದಾದ ಗಾಜನ್ನು, ಫೋರ್ಡ್ ತಯಾರಿಸಿದ ಜೀಪಾದರೆ ಬೋಲ್ಟಿನ ತಲೆಯ ಮೇಲೂ ಒತ್ತಿದ ‘ಎಫ್’ ಅಕ್ಷರವನ್ನು.

ಈ ವಾಹನ ಹುಟ್ಟಿದ್ದೇ ಅವಸರದಲ್ಲಿ. 1940ರ ಜುಲೈನಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ಹಗುರವಾದ ನಾಲ್ಕು ಚಕ್ರ ಚಾಲನೆಯ ಗಾಡಿಯ ಮಾದರಿಯನ್ನು 49 ದಿನಗಳಲ್ಲಿ ತಂದು ನಿಲ್ಲಿಸಿ ಎಂದಿತು. ಪೆನ್ಸಿಲ್ವೇನಿಯದ ಬಟ್ಲರ್ ಊರಿನ ಬ್ಯಾಂಟಮ್ ಎಂಬ ಸಣ್ಣ ಕಂಪನಿ, ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ ನಕ್ಷೆಯೊಂದಿಗೆ, ಸೆಪ್ಟೆಂಬರ್ 23ರಂದು ಗಾಡಿಯನ್ನು ಒಪ್ಪಿಸಿಯೇ ಬಿಟ್ಟಿತು. ಇಷ್ಟು ಸಣ್ಣ ಕಂಪನಿಯಿಂದ ದೊಡ್ಡ ಪ್ರಮಾಣದ ಉತ್ಪಾದನೆ ಆಗದೆಂದು ಸೇನೆ ಅದರ ನಕ್ಷೆಯನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಮುಂದಿಟ್ಟಿತು. ಯುದ್ಧ ಮುಗಿಯುವಷ್ಟರಲ್ಲಿ ತಯಾರಾದ ಜೀಪುಗಳು 6 ಲಕ್ಷಕ್ಕೂ ಹೆಚ್ಚು. ಬ್ರಿಟನ್ನಿನ ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ತನ್ನ ಜಮೀನಿನ ಕೆಲಸಕ್ಕೆ ಯುದ್ಧದಲ್ಲಿ ಉಳಿದಿದ್ದ ಒಂದು ಜೀಪನ್ನು ಬಳಸುತ್ತಿದ್ದ. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಲ್ಯಾಂಡ್ ರೋವರ್‌ಗೆ ಆ ಜೀಪೇ ಪ್ರೇರಣೆ.

ಭಾರತಕ್ಕೆ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸಲು ಮಹೀಂದ್ರ ಕಂಪನಿ ಹೊರಟಿದ್ದು ಸ್ವಾತಂತ್ರ್ಯ ಬಂದ ಕಾಲದಲ್ಲಿ. ಮುಂದೆ ಅದು ಇಲ್ಲಿನದೇ ಗಾಡಿಯಾಯಿತು. ಮನೆಗೊಬ್ಬ ಸೈನಿಕ ಎನ್ನುವಂಥ ಕೊಡಗಿನಲ್ಲಿ, ಮಳೆಗಾಲದಲ್ಲಿ ರಸ್ತೆಯೇ ಹಳ್ಳವಾಗುವ ಮಲೆನಾಡಿನಲ್ಲಿ, ಜೀಪು ಎಂದೂ ಷೋಕಿಯಾಗಿರಲಿಲ್ಲ. ಕಾಫಿ ಮೂಟೆ, ಮೆಣಸಿನ ಚೀಲ, ಗೊಬ್ಬರ, ತೋಟದ ಆಳುಗಳು, ಹೆರಿಗೆ ನೋವು ಬಂದ ಹೆಣ್ಣುಮಗಳು ಎಲ್ಲವನ್ನೂ ಎಲ್ಲರನ್ನೂ ಹೊತ್ತಿದ್ದು ಅದೇ. ಗೇರಿನ ಪಕ್ಕದ ಸಣ್ಣ ಸನ್ನೆಗಳನ್ನು ಎಳೆದು ಫೋರ್‌ವೀಲ್ ಹಾಕಿ, ಲೋ ಗೇರಿನಲ್ಲಿ ಆಕ್ಸಿಲರೇಟರ್ ಹೆಚ್ಚು ಒತ್ತದೆ ಕೆಸರಿನ ದಿಣ್ಣೆ ಹತ್ತಿಸುವುದು ಅಲ್ಲಿನ ಚಾಲಕರಿಗೆ ಕ್ರೀಡೆಯಲ್ಲ, ದಿನದ ಕೆಲಸ. ಇಂದು ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಕರೆದೊಯ್ಯುವವರ ಕೈಯಲ್ಲಿರುವುದೂ ಅದೇ ವಿದ್ಯೆ.

ಈ ಗಾಡಿಗಳು ಇಷ್ಟು ವರ್ಷ ಬದುಕಿದ್ದು ಹೇಗೆ? ಬದಲಾಗುತ್ತ ಬಂದದ್ದರಿಂದ. ಪೆಟ್ರೋಲ್ ದುಬಾರಿಯಾದಾಗ ಮೂಲ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸಿದರು. ಮಹೀಂದ್ರ ಕಂಪನಿಯೇ ಪೆಜೊ ಡೀಸೆಲ್ ಎಂಜಿನನ್ನು ಜೀಪಿಗೆ ತಂದಿತು. ತಗಡು ತುಕ್ಕು ಹಿಡಿದಾಗ ಊರಿನ ಗ್ಯಾರೇಜಿನಲ್ಲೇ ಹೊಸ ಬಾಡಿ ಕಟ್ಟಿಸಿದರು. ನಮ್ಮ ಕಾನೂನು ಎಡವುವುದು ಇಲ್ಲೇ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ‘ವಿಎ’ ಅಕ್ಷರಗಳಿರುವ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಗಳ ಅವಧಿ. ಅದಕ್ಕೂ ಮೊದಲು ಇಂಥ ವಾಹನಗಳಿಗೆ ನೆಲೆಯೇ ಇರಲಿಲ್ಲವಾದ್ದರಿಂದ ಅದು ಸ್ವಾಗತಾರ್ಹ ಹೆಜ್ಜೆ. ಆದರೆ ಷರತ್ತುಗಳನ್ನು ನೋಡಬೇಕು. ವಾಹನಕ್ಕೆ 50 ವರ್ಷ ತುಂಬಿರಬೇಕು. ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ರ‍್ಯಾಲಿ, ಪ್ರದರ್ಶನ, ಸಂಶೋಧನೆ, ಇಂಧನ ಮತ್ತು ದುರಸ್ತಿಗೆ ಹೊರತು ರಸ್ತೆಗಿಳಿಯುವಂತಿಲ್ಲ. ಅಂದರೆ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ ಜೀಪಿಗೆ ಪರಂಪರೆಯ ಮಾನ. ಡೀಸೆಲ್ ಎಂಜಿನ್ ಹೊತ್ತು ದುಡಿದ ಜೀಪು ಗುಜರಿ ನೀತಿಯ ಕಣ್ಣಿಗೆ ಬರೀ ಹಳೇ ಗಾಡಿ. 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಕಾರು, ಜೀಪುಗಳ ಮರುನೋಂದಣಿ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದ್ದರ ಬಿಸಿ ತಟ್ಟಿದ್ದೂ ಇಂಥವಕ್ಕೇ.

ಜೊಂಗಾದ ಉದಾಹರಣೆ ಇನ್ನೂ ಸ್ಪಷ್ಟ. ನಿಸ್ಸಾನ್ ವಿನ್ಯಾಸದ ಈ ಸೇನಾ ವಾಹನವನ್ನು ಜಬಲ್ಪುರದ ಕಾರ್ಖಾನೆ 1969ರಿಂದ ಸುಮಾರು ಮೂರು ದಶಕ ತಯಾರಿಸಿತು. ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್ ಅದರದು. ಮಹೇಂದ್ರ ಸಿಂಗ್ ಧೋನಿ 2019ರಲ್ಲಿ ರಾಂಚಿಯಲ್ಲಿ ಒಂದನ್ನು ಓಡಿಸಿದಾಗ ಹೊಸ ಪೀಳಿಗೆಗೂ ಅದರ ಹೆಸರು ತಿಳಿಯಿತು. 1999ರಲ್ಲಿ ತಯಾರಾದ ಜೊಂಗಾ ಈ ನಿಯಮದಡಿ ವಿಂಟೇಜ್ ಎನಿಸಿಕೊಳ್ಳಲು 2049 ಬರಬೇಕು. ಅಲ್ಲಿಯವರೆಗೆ ಎಷ್ಟು ಉಳಿದಾವು? ಇನ್ನು ಶಕ್ತಿಮಾನ್‌ನಂಥ ಸೇನಾ ಲಾರಿಗಳಿಗೆ, ಪ್ರಯಾಣಿಕ ಕಾರು ಮತ್ತು ಬೈಕುಗಳಿಗಷ್ಟೇ ಅನ್ವಯಿಸುವ ಈ ನಿಯಮದಲ್ಲಿ ಜಾಗವೇ ಇಲ್ಲ.

ಬ್ರಿಟನ್ನಿನಲ್ಲಿ 40 ವರ್ಷ ಮೀರಿದ ವಾಹನವನ್ನು ಐತಿಹಾಸಿಕವೆಂದು ಪರಿಗಣಿಸುತ್ತಾರೆ. ದೊಡ್ಡ ಮಾರ್ಪಾಡು ಆಗಿರದಿದ್ದರೆ ವಾರ್ಷಿಕ ತಪಾಸಣೆಯಿಂದಲೂ ವಿನಾಯಿತಿ. ಅದೇ ಮಾದರಿಗೆ ಕಂಪನಿ ನೀಡುತ್ತಿದ್ದ ಇನ್ನೊಂದು ಎಂಜಿನನ್ನು ಕೂರಿಸಿದರೆ ಅದನ್ನು ದೊಡ್ಡ ಮಾರ್ಪಾಡು ಎನ್ನುವುದಿಲ್ಲ. ನಮಗೆ ಬೇಕಿರುವುದು ಈ ವಿವೇಕ.

ಹಾಗೆಂದು ಹೊಗೆ ಉಗುಳುವ ಗಾಡಿಗೆ ಪರಂಪರೆಯ ಹೆಸರಿನಲ್ಲಿ ರಿಯಾಯಿತಿ ಕೊಡಬಾರದು. ಉತ್ಸಾಹಿಗಳು ಕೇಳಿಸಿಕೊಳ್ಳಬೇಕಾದ ಇನ್ನೊಂದು ಮಾತೂ ಇದೆ. ಗುಡ್ಡದ ಹುಲ್ಲುಗಾವಲಿನ ಮೇಲೆ ಟೈರು ಹರಿದಾಡಿ ಬಿದ್ದ ಸೀಳು ಮುಂದಿನ ಮಳೆಗೆ ಕೊರಕಲಾಗುತ್ತದೆ. ಕಾಡಿನ ಹಳ್ಳದಲ್ಲಿ ಚಕ್ರ ತಿರುಗಿಸಿ ಫೋಟೊ ತೆಗೆಸಿಕೊಳ್ಳುವುದು ಜೀಪಿನ ಮೇಲಿನ ಪ್ರೀತಿಯಲ್ಲ. ಆಫ್‌ರೋಡ್ ಪಂದ್ಯಕ್ಕೆ ಖಾಸಗಿ ತೋಟದ ಜಾಗ, ಮಾಲೀಕರ ಒಪ್ಪಿಗೆ ಇದ್ದರೆ ಸಾಕು. ಅರಣ್ಯದ ಅಂಚು ದಾಟುವ ಅಗತ್ಯವೇ ಇಲ್ಲ.

ಕೇಂದ್ರ ಸಾರಿಗೆ ಸಚಿವಾಲಯ ನಿಯಮಕ್ಕೆ ತಿದ್ದುಪಡಿ ತರಲಿ. ವಯಸ್ಸಿನ ಮಿತಿಯನ್ನು 40ಕ್ಕೆ ಇಳಿಸಲಿ, ಸೇನಾ ಲಾರಿಗಳನ್ನೂ ಸೇರಿಸಲಿ, ಕಂಪನಿಯೇ ಒದಗಿಸಿದ್ದ ಡೀಸೆಲ್ ಎಂಜಿನ್‌ಗೆ ಮಾನ್ಯತೆ ಕೊಡಲಿ. ರಸ್ತೆಗಿಳಿಯಲು ಅರ್ಹತೆ ಇದೆಯೇ ಎಂಬುದನ್ನು ಹುಟ್ಟಿದ ವರ್ಷ ನೋಡಿ ಅಲ್ಲ, ಬ್ರೇಕು ಮತ್ತು ಹೊಗೆ ಪರೀಕ್ಷಿಸಿ ನಿರ್ಧರಿಸಲಿ. ಈ ಬೇಡಿಕೆಯನ್ನು ದೆಹಲಿಗೆ ಮುಟ್ಟಿಸುವ ಕೆಲಸವನ್ನು, ಇಂದಿಗೂ ಇಂಥ ಜೀಪುಗಳು ದುಡಿಯುತ್ತಿರುವ ಕೊಡಗು, ಚಿಕ್ಕಮಗಳೂರು, ಹಾಸನ ಮತ್ತು ಶಿವಮೊಗ್ಗ ಜಿಲ್ಲೆಗಳ ಜನಪ್ರತಿನಿಧಿಗಳೇ ಮೊದಲು ಮಾಡಬೇಕು.