ನಳದ ನೀರೂ ನಗರದ ಆರೋಗ್ಯವೂ

ಹುಬ್ಬಳ್ಳಿ-ಧಾರವಾಡ ಅವಳಿನಗರದ ಗೃಹಿಣಿಯರಿಗೆ ಎರಡು ಪಂಚಾಂಗಗಳಿವೆ. ಒಂದು ಗೋಡೆಗೆ ತೂಗುಹಾಕಿದ್ದು, ಇನ್ನೊಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡದ್ದು. ಹಬ್ಬ-ಹುಣ್ಣಿಮೆಗಳಿಗೆ, ಮದುವೆ-ಸೀಮಂತಗಳಿಗೆ ಮೊದಲನೆಯದನ್ನು ನೋಡುತ್ತಾರೆ. ಹಾಸಿಗೆ-ಹೊದಿಕೆ ಒಗೆಯುವುದಕ್ಕೆ, ಬೀಗರನ್ನು ಊಟಕ್ಕೆ ಕರೆಯುವುದಕ್ಕೆ, ತವರಿಗೆ ಹೋಗಿಬರುವುದಕ್ಕೆ ಎರಡನೆಯದೇ ಪ್ರಮಾಣ. ಅದು ನಳದಲ್ಲಿ ನೀರು ಬರುವ ಸರದಿಯ ಪಂಚಾಂಗ. ಹಲವು ಬಡಾವಣೆಗಳಲ್ಲಿ ಈ ಸರದಿ ಇಂದಿಗೂ ಹಲವು ದಿನಗಳಿಗೊಮ್ಮೆ ಬರುತ್ತದೆ, ಕೆಲವೊಮ್ಮೆ ನಡುರಾತ್ರಿಯಲ್ಲಿ ಬರುತ್ತದೆ. ಬಂದಾಗ ಮನೆಯಲ್ಲಿರುವ ಹಂಡೆ, ಕೊಡ, ಹರವಿ, ಬ್ಯಾರಲ್ಲು, ಬಕೀಟು ಯಾವುದೂ ಬರಿದಾಗಿ ಉಳಿಯುವುದಿಲ್ಲ.

ಇದೇ ನಗರದಲ್ಲಿ ಮೂರನೆಯದೊಂದು ಪಂಚಾಂಗವೂ ಇದೆ. ಅದು ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯದು. ಈ ಸೊಳ್ಳೆ ಗಟಾರದ ಕೊಳಕು ನೀರಿಗಿಂತ ಮನೆಯೊಳಗೆ ತುಂಬಿಟ್ಟ ತಿಳಿನೀರನ್ನೇ ಹೆಚ್ಚಾಗಿ ಅರಸುತ್ತದೆ. ಮೊಟ್ಟೆಯೊಡೆದು, ಹುಳುವಾಗಿ, ರೆಕ್ಕೆ ಬಲಿತು ಹಾರುವುದಕ್ಕೆ ಇದಕ್ಕೆ ಬೇಕಾಗುವ ಅವಧಿ ಸುಮಾರು ಏಳರಿಂದ ಹತ್ತು ದಿನ. ನಳದ ಸರದಿಯೂ ಸೊಳ್ಳೆಯ ಸರದಿಯೂ ಹೀಗೆ ಒಂದಕ್ಕೊಂದು ಹೊಂದಿಕೊಂಡಿರುವುದು ವಿಪರ್ಯಾಸವೇ ಸರಿ. ನೀರು ಎರಡು ದಿನ ತಡವಾದರೆ ಮನುಷ್ಯನಿಗೆ ತೊಂದರೆ, ಸೊಳ್ಳೆಗೆ ಅನುಕೂಲ.

ಆರೋಗ್ಯ ಇಲಾಖೆಯ ಸಲಹೆ ಸ್ಪಷ್ಟವಾಗಿದೆ. ವಾರಕ್ಕೊಮ್ಮೆ ಎಲ್ಲ ಪಾತ್ರೆಗಳನ್ನು ಬರಿದುಮಾಡಿ, ತಿಕ್ಕಿ, ಒಣಗಿಸಿ, ಮತ್ತೆ ತುಂಬಿ ಮುಚ್ಚಿಡಬೇಕು. ತಿಕ್ಕುವುದು ಅತ್ಯವಶ್ಯ. ಏಕೆಂದರೆ ಮೊಟ್ಟೆಗಳು ಪಾತ್ರೆಯ ಒಳಮೈಗೆ, ನೀರಿನ ಅಂಚಿನ ಮೇಲೆ ಅಂಟಿಕೊಂಡಿದ್ದು, ನೀರು ಚೆಲ್ಲಿದರೂ ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರಬಲ್ಲವು. ಈ ಸಲಹೆಯನ್ನು ಹೇಳಲು ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಬ್ಯಾರಲ್ಲಿನ ನೀರು ಚೆಲ್ಲಿರೆಂದಾಗ ಮನೆಯಾಕೆಯ ಬಾಯಿಂದ ಬರುವ ಉತ್ತರವೂ ಅಷ್ಟೇ ಸ್ಪಷ್ಟವಾಗಿರುತ್ತದೆ: "ಚೆಲ್ಲಂತೀರಲ್ರೀ ಅಕ್ಕಾರ, ನಾಳೆ ನೀವ ತಂದು ತುಂಬತೀರೇನ್ರಿ?"

ಈ ಮಾತಿಗೆ ಮರುಮಾತಿಲ್ಲ. ಆದರೆ ವರದಿಗಳಲ್ಲಿ ಇದು 'ಜನರ ಅಜ್ಞಾನ' ಎಂಬ ಶೀರ್ಷಿಕೆಯಡಿ ಸೇರಿಹೋಗುತ್ತದೆ. ನಗರದ ಆರೋಗ್ಯವನ್ನು ಕುರಿತ ಭಾಷಣಗಳಲ್ಲಿ ಇಷ್ಟೊಂದು ಸುಲಭವಾಗಿ ಬಳಕೆಯಾಗುವ ಶಬ್ದ ಮತ್ತೊಂದಿಲ್ಲ. ವಿದ್ಯಾವಂತನು ಈ ಶಬ್ದವನ್ನು ಉಚ್ಚರಿಸಿದೊಡನೆ ತನ್ನ ಹೊಣೆ ತೀರಿತೆಂದು ಭಾವಿಸುತ್ತಾನೆ. ವಾಸ್ತವವಾಗಿ ಆ ಮನೆಯಾಕೆ ಅಜ್ಞಾನಿಯಲ್ಲ, ಲೆಕ್ಕ ಬಲ್ಲವಳು. ಬಂದೀತೋ ಬಾರದೋ ಎಂಬ ಜ್ವರಕ್ಕಿಂತ ನಾಳೆ ಖಂಡಿತವಾಗಿ ಬೇಕಾಗುವ ಎರಡು ಕೊಡ ನೀರು ಅವಳಿಗೆ ದೊಡ್ಡದು. ನಳ ಕಲಿಸಿದ ಪಾಠವನ್ನು ಕರಪತ್ರ ಅಳಿಸಲಾರದು.

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವ ನಗರದ ಮನೆಗಳಿಗೆ 400 ರೂಪಾಯಿ, ವಾಣಿಜ್ಯ ಸ್ಥಳಗಳಿಗೆ 1,000, ಕಟ್ಟಡ ಕಾಮಗಾರಿಯ ಸ್ಥಳಗಳಿಗೆ 2,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಅರ್ಧ ಕಟ್ಟಿದ ಕಟ್ಟಡದ ನೆಲಮಾಳಿಗೆಯಲ್ಲಿ ನೀರು ನಿಲ್ಲಿಸಿದ ಗುತ್ತಿಗೆದಾರನಿಗೆ ಈ ದಂಡ ಸಲ್ಲತಕ್ಕದ್ದೇ. ಇನ್ನೂ ಹೆಚ್ಚಾದರೂ ಆಕ್ಷೇಪವಿಲ್ಲ. ಆದರೆ ನೀರನ್ನು ಕೂಡಿಡದೆ ಬದುಕಲಾಗದಂತಹ ವ್ಯವಸ್ಥೆಯನ್ನು ಒಂದು ಕೈಯಿಂದ ಕೊಟ್ಟು, ಕೂಡಿಟ್ಟದ್ದಕ್ಕೆ ಇನ್ನೊಂದು ಕೈಯಿಂದ ದಂಡ ವಸೂಲುಮಾಡುವುದು ಯಾವ ನ್ಯಾಯ? ಅದೂ ದಂಡದ ಭಯಕ್ಕೆ ಜನ ಬಾಗಿಲು ಮುಚ್ಚಿಕೊಂಡರೆ ಆಶಾ ಕಾರ್ಯಕರ್ತೆಗೆ ಇದ್ದ ಅಷ್ಟಿಷ್ಟು ಪ್ರವೇಶವೂ ತಪ್ಪುತ್ತದೆ.

ಬಲಾತ್ಕಾರಕ್ಕೂ ವಿಶ್ವಾಸಕ್ಕೂ ಇರುವ ಅಂತರವನ್ನು ಹುಬ್ಬಳ್ಳಿ ಬಹಳ ಹಿಂದೆಯೇ ಕಂಡಿದೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಕೆಲಕಾಲದಲ್ಲಿಯೇ ಈ ಭಾಗಕ್ಕೂ ಹಬ್ಬಿತು. ಇಲಿ ಬಿದ್ದ ಸುದ್ದಿ ಬಂದೊಡನೆ ಜನ ಮನೆಗೆ ಬೀಗ ಜಡಿದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ಹಿರಿಯರು ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಪುಣೆಯಲ್ಲಿ ಸೈನಿಕರು ಮನೆಗಳನ್ನು ಹೊಕ್ಕು ಶೋಧಿಸಿದ್ದರ ಪರಿಣಾಮವಾಗಿ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಕೊಲೆಯಾಯಿತು. ಅದೇ ವರ್ಷದ ಜನವರಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದ. 1898ರಲ್ಲಿ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಈ ಲಸಿಕೆಯನ್ನು ಹಾಕಲಾಯಿತು. ಸುಮಾರು 50 ಸಾವಿರ ಜನಸಂಖ್ಯೆಯ ಊರಿನಲ್ಲಿ ಕೆಲವೇ ತಿಂಗಳುಗಳಲ್ಲಿ 30 ಸಾವಿರಕ್ಕೂ ಮಿಕ್ಕಿ ಜನ ತೋಳು ಒಡ್ಡಿದರು. ಆ ಕಾಲದ ಹಿಂದುಸ್ಥಾನದಲ್ಲಿ ಇಷ್ಟು ದೊಡ್ಡ ಪ್ರಮಾಣದ ಲಸಿಕಾಕಾರ್ಯ ನಡೆದ ಊರುಗಳು ವಿರಳ. ಸೂಜಿಯ ಹೆಸರಿಗೇ ಬೆಚ್ಚುತ್ತಿದ್ದ, ಅಕ್ಷರವನ್ನೇ ಅರಿಯದ ಬಹುಜನರಿದ್ದ ಊರು ಅದು. ಅಂದಿನ ಜನ ಇಂದಿನವರಿಗಿಂತ ತಿಳಿವಳಿಕೆಯುಳ್ಳವರಾಗಿದ್ದರೆಂದು ಇದರ ಅರ್ಥವಲ್ಲ. ಓಣಿಯಲ್ಲಿ ಚುಚ್ಚಿಸಿಕೊಂಡವರು ಉಳಿದುದನ್ನು, ಚುಚ್ಚಿಸಿಕೊಳ್ಳದವರು ಹೆಚ್ಚಾಗಿ ಸತ್ತುದನ್ನು ಕಣ್ಣಾರೆ ಕಂಡರೆ ನಂಬಿಕೆಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ನೀರಿನ ವಿಷಯದಲ್ಲಿಯೂ ಇಂತಹುದೊಂದು ಪ್ರತ್ಯಕ್ಷ ಪ್ರಯೋಗ ಇದೇ ನಗರದಲ್ಲಿ ನಡೆದಿದೆ. ಹಿಂದೆ ಹುಬ್ಬಳ್ಳಿಗೆ ಉಣಕಲ್ ಕೆರೆ, ಧಾರವಾಡಕ್ಕೆ ಕೆಲಗೇರಿ ಕೆರೆ ಆಸರೆಯಾಗಿದ್ದವು. ಮುಂದೆ ಬೇಡ್ತಿಗೆ ಕಟ್ಟಿದ ನೀರಸಾಗರ ಬಂದಿತು, ಬಳಿಕ ಸವದತ್ತಿಯ ಕಡೆಯಿಂದ ಮಲಪ್ರಭೆ ಬಂದಳು. 1962ರಲ್ಲಿ ಎರಡೂ ಊರುಗಳನ್ನು ಕೂಡಿಸಿ ಮಹಾನಗರಪಾಲಿಕೆಯನ್ನು ರಚಿಸಲಾಯಿತು. 2011ರ ಜನಗಣತಿಯ ವೇಳೆಗೆ ಜನಸಂಖ್ಯೆ 9 ಲಕ್ಷ 43 ಸಾವಿರವನ್ನು ಮುಟ್ಟಿತ್ತು. 2008ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ, ಆಗ ಇದ್ದ 67 ವಾರ್ಡುಗಳ ಪೈಕಿ 8ರಲ್ಲಿ ಕೊಳವೆಗಳನ್ನು ಬದಲಿಸಿ ದಿನದ ಇಪ್ಪತ್ತನಾಲ್ಕು ತಾಸೂ ನೀರು ಬಿಡುವ ಏರ್ಪಾಡಾಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಈ ಎರಡು ಬಗೆಯ ನೀರನ್ನೂ ಪರೀಕ್ಷಿಸಿದರು. ಸರದಿಯ ಮೇಲೆ ನೀರು ಬರುವ ನಳಗಳ ಮಾದರಿಗಳಲ್ಲಿ ಶೇಕಡಾ 31.7ರಲ್ಲಿ ಮಲಮೂಲದ ರೋಗಾಣುಗಳ ಸೂಚಕವಾದ ಇ-ಕೋಲಿ ಇದ್ದಿತು. ಸತತ ನೀರಿನ ನಳಗಳಲ್ಲಿ ಅದು ಕೇವಲ ಶೇಕಡಾ 0.7. ಕಾರಣ ಸರಳ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ, ಬಿರುಕಿನಿಂದ ಹೊರಗಿನ ಹೊಲಸು ಒಳಗೆ ಜಿನುಗುತ್ತದೆ, ಮತ್ತೆ ನೀರು ಬಿಟ್ಟಾಗ ಮೊದಲ ಧಾರೆಯೊಂದಿಗೆ ಅದು ಕೊಡದೊಳಗೆ ಬೀಳುತ್ತದೆ.

ಮುಂದೆ ಸುಮಾರು 3,900 ಮನೆಗಳಲ್ಲಿ ಮಕ್ಕಳ ಆರೋಗ್ಯವನ್ನು ವಿಚಾರಿಸಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರೂ ನಿರೀಕ್ಷಿಸಿದಷ್ಟು ಚಮತ್ಕಾರಿಕವಾಗಿರಲಿಲ್ಲ. ಒಟ್ಟು ಮಕ್ಕಳ ಭೇದಿಯಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಆದರೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಶೇಕಡಾ 37ರಷ್ಟು ಕಡಿಮೆ ಇದ್ದಿತು. ವಿಷಮಶೀತಜ್ವರ ಕಂಡ ಮನೆಗಳು ಶೇಕಡಾ 42ರಷ್ಟು ಕಡಿಮೆ ಇದ್ದವು. ಇನ್ನೊಂದು ಸಂಗತಿ ಮನನೀಯ. ದಿನವಿಡೀ ನೀರು ಬರುವ ವಾರ್ಡುಗಳಲ್ಲಿಯೂ ಅನೇಕ ಮನೆಗಳವರು ನೀರನ್ನು ತುಂಬಿಡುವುದನ್ನು ಬಿಟ್ಟಿರಲಿಲ್ಲ. ಹಾಗೆ ತುಂಬಿಟ್ಟ ನೀರು ಅಲ್ಲಿಯೂ ಕೆಡುತ್ತಿತ್ತು. ತಲೆಮಾರುಗಳ ಅಭಾವ ಕಲಿಸಿದ ಅಭ್ಯಾಸವು ಕೊಳವೆ ಬದಲಿಸಿದ ಮಾತ್ರಕ್ಕೆ ಬಿಟ್ಟುಹೋಗುವುದಿಲ್ಲ. ನಾಳೆಯೂ ಬಂದೀತೆಂಬ ಭರವಸೆ ಹುಟ್ಟಲು ಕೆಲವು ವರ್ಷಗಳಾದರೂ ಬೇಕು. ಇಡೀ ನಗರಕ್ಕೆ ಸತತ ನೀರು ಕೊಡುವ ಯೋಜನೆಯನ್ನು ಕೈಕೊಂಡಿರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.

ಮನೋಭಾವದ ಮಾತೆತ್ತಿದಾಗ ಬಡವರ ಓಣಿಗಳತ್ತ ಮಾತ್ರ ಬೆರಳು ತೋರುವುದು ರೂಢಿಯಾಗಿದೆ. ಬಂಗಲೆಗಳ ಕಡೆಗೂ ಒಮ್ಮೆ ನೋಡಬೇಕು. ನೀರು ಬಂದೊಡನೆ ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಮಾಳಿಗೆಯ ತೊಟ್ಟಿಗೆ ಎಳೆದುಕೊಳ್ಳುವವರು ಗುಡಿಸಲುಗಳಲ್ಲಿಲ್ಲ. ಆ ಎಳೆತಕ್ಕೆ ಬೀದಿಯ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ಪಕ್ಕದ ಮನೆಯ ಕೊಡ ಅರ್ಧಕ್ಕೇ ನಿಲ್ಲುತ್ತದೆ. ಅಷ್ಟೇ ಅಲ್ಲ, ಗಟಾರದ ಪಕ್ಕದಲ್ಲಿ ಹಾದ ಕೊಳವೆಯ ಬಿರುಕಿನಿಂದ ಹೊಲಸನ್ನು ಒಳಗೆಳೆಯುವುದೂ ಅದೇ ಮೋಟಾರು. ಅದರ ಒಡೆಯನ ಅಡಿಗೆಮನೆಯಲ್ಲಿ ನೀರು ಶುದ್ಧೀಕರಿಸುವ ಯಂತ್ರವಿರುತ್ತದೆ. ಟೈಫಾಯ್ಡ್ ಆಚೆಮನೆಯ ಹುಡುಗನಿಗೆ ಬರುತ್ತದೆ. ಇದನ್ನು ಅಜ್ಞಾನವೆಂದು ಯಾವ ವರದಿಯೂ ಬರೆಯುವುದಿಲ್ಲ. ಈತ ಪದವೀಧರನಾಗಿರುವುದರಿಂದ ಬರೆಯುವುದು ಕಷ್ಟವೂ ಹೌದು.

ದಾನಧರ್ಮದ ವಿಷಯದಲ್ಲಿಯೂ ಇದೇ ಒಲವು ಕಾಣುತ್ತದೆ. ಈ ನಾಡಿನ ಶಾಲೆಗಳೂ ಪ್ರಸಾದನಿಲಯಗಳೂ ಭಕ್ತರ, ದಾನಿಗಳ ಔದಾರ್ಯದಿಂದಲೇ ಬೆಳೆದವು ಎಂಬುದು ನಿರ್ವಿವಾದ. ಮಹಾದ್ವಾರಕ್ಕೆ ದಾನಿಗಳು ದೊರೆಯುತ್ತಾರೆ, ಸಭಾಮಂಟಪಕ್ಕೆ ದೊರೆಯುತ್ತಾರೆ. ಹೆಸರಿನ ಅಮೃತಶಿಲೆಯ ಫಲಕವನ್ನು ಕೂಡಿಸಲು ಅಲ್ಲಿ ಸ್ಥಳವಿದೆ. ಮಾಳಿಗೆಯ ಮೇಲಿನ ನೀರಿನ ತೊಟ್ಟಿಯ ಒಡೆದ ಮುಚ್ಚಳಕ್ಕೆ, ವಿದ್ಯಾರ್ಥಿನಿಯರ ಶೌಚಗೃಹದ ನಳಕ್ಕೆ, ಗಾಳಿಕೊಳವೆಯ ಬಾಯಿಗೆ ಕಟ್ಟಬೇಕಾದ ಜಾಳಿಗೆಗೆ ದಾನಿಗಳನ್ನು ಹುಡುಕಬೇಕಾಗುತ್ತದೆ. ಮುಚ್ಚಳದ ಮೇಲೆ ಹೆಸರು ಬರೆಸಿದರೆ ಕಾಗೆಯ ಹೊರತು ಓದುವವರಿಲ್ಲ.

ನೂರಾರು ವಿದ್ಯಾರ್ಥಿಗಳು ಕುಡಿಯುವ ತೊಟ್ಟಿಯನ್ನು ಎಷ್ಟು ದಿನಗಳಿಗೊಮ್ಮೆ ತಿಕ್ಕಿ ತೊಳೆಯಲಾಗುತ್ತದೆ, ಕಳೆದ ಬಾರಿ ತೊಳೆದ ದಿನಾಂಕ ಯಾವುದು ಎಂಬುದನ್ನು ಆ ತೊಟ್ಟಿಯ ಮೈಮೇಲೆಯೇ ಬಣ್ಣದಿಂದ ಬರೆದಿಡುವ ಪದ್ಧತಿ ರೈಲ್ವೆಯಲ್ಲಿಯೂ ಸರಕಾರಿ ಕಟ್ಟಡಗಳಲ್ಲಿಯೂ ಬಹುಕಾಲದಿಂದ ಇದೆ. ಅವಳಿನಗರದ ಪ್ರತಿಯೊಂದು ಶಾಲೆಯ ತೊಟ್ಟಿಯ ಮೇಲೆಯೂ ಅಂತಹ ದಿನಾಂಕವೊಂದು ಇರಲಿ. ಅದನ್ನು ಹತ್ತಿ ನೋಡಿ ತಿಂಗಳಿಗೊಮ್ಮೆ ತರಗತಿಯಲ್ಲಿ ಓದಿಹೇಳುವ ಕೆಲಸ ಎಂಟನೆಯ ಇಯತ್ತೆಯ ಇಬ್ಬರು ವಿದ್ಯಾರ್ಥಿಗಳದಾಗಿರಲಿ. ಏಣಿ ಹಿಡಿಯಲು ಒಬ್ಬ ಗುರುಗಳು ಕೆಳಗೆ ನಿಂತರೆ ಸಾಕು.