ಪರಸ್ಥಳದ ಊಟ



ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿದವರಿಗೆ ಪ್ರಯಾಣ ತಪ್ಪಿದ್ದಲ್ಲ. ವಸೂಲಿಗೆಂದೋ, ಸರಕು ನೋಡಲೆಂದೋ, ಮದುವೆ ಮುಂಜಿಗಳಿಗೆಂದೋ ತಿಂಗಳಲ್ಲಿ ನಾಲ್ಕು ದಿನವಾದರೂ ಮನೆಯ ಅಡಿಗೆ ಬಿಟ್ಟಿರಬೇಕಾಗುತ್ತದೆ. ಈಗಿನ ಮಕ್ಕಳಂತೂ ಸಮುದ್ರ ದಾಟಿ ಹೋಗಿದ್ದಾರೆ. ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ ಕೆಲಸಕ್ಕೆ ಸೇರಿರುವ ನಮ್ಮ ತಂಗಿಯ ಮಗ ಕಳೆದ ತಿಂಗಳು ಫೋನಿನಲ್ಲಿ ಕೇಳಿದ: "ಮಾವ, ನಮ್ಮ ಆಫೀಸಿನ ಸುತ್ತ ಲೆಬನಾನಿನವರದು, ಟರ್ಕಿಯವರದು, ಗ್ರೀಕರದು ಅಂತ ಬೇಕಾದಷ್ಟು ಹೋಟೆಲುಗಳಿವೆ. ಕಡಲೆ, ಎಳ್ಳು, ನಿಂಬೆಹಣ್ಣು, ಮೊಸರು ಎಲ್ಲಾ ನಮ್ಮ ಪದಾರ್ಥಗಳೇ. ಅದರಲ್ಲಿ ಒಳ್ಳೆಯದು ಯಾವುದು ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?"

ಸ್ಟಾಕ್‌ಹೋಮ್ ನಾವು ಕಂಡ ಊರಲ್ಲ. ನಾವು ಕಂಡಿರುವುದು ಹೊಸೂರು–ಕೃಷ್ಣಗಿರಿ ರಸ್ತೆ. ಅದು ಸುಮಾರು 50 ಕಿಲೋಮೀಟರ್. ಅದರಲ್ಲಿ ಕಲಿತದ್ದನ್ನೇ ಅವನಿಗೆ ಹೇಳಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಈ ಸೀಮೆಯ ಅಂಗಡಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತವೆ. ಹೊಸೂರಿಗೆ ಕಾರ್ಖಾನೆಗಳು ಬಂದ ಮೇಲೆ ಉತ್ತರದವರೂ ಬಂದರು, ಅವರ ಹಿಂದೆಯೇ ಅವರ ಊಟವೂ ಬಂತು. ಕೃಷ್ಣಗಿರಿ 2004ರಲ್ಲಿ ಜಿಲ್ಲೆಯಾಯಿತು. ಬೆಂಗಳೂರಿನಿಂದ ಸೇಲಂಗೆ ಹೋಗುವವರೂ ಚೆನ್ನೈಗೆ ಹೋಗುವವರೂ ಅಲ್ಲಿಯೇ ಕವಲಾಗುವುದರಿಂದ ರಸ್ತೆಯುದ್ದಕ್ಕೂ ಹೋಟೆಲುಗಳಿಗೆ ಕೊರತೆಯಿಲ್ಲ. ಕೆಲವು ಕಡೆ 'ಜೈನ್ ಊಟ ದೊರೆಯುತ್ತದೆ' ಎಂಬ ಬೋರ್ಡೂ ಇದೆ. ಬೋರ್ಡು ನೋಡಿ ಒಳಗೆ ಹೋಗಬಹುದು, ಆದರೆ ಅದನ್ನು ನಂಬಿ ಎಲೆಯ ಮುಂದೆ ಕೂರಬಾರದೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಡಿಸೆಂಬರ್ ಮೊದಲ ವಾರದಲ್ಲಿ ತಾಯಿಯವರನ್ನು ಕರೆದುಕೊಂಡು ಪೋಳೂರು ಬಳಿಯ ತಿರುಮಲೈಗೆ ಹೋಗಿದ್ದೆವು. ಬೆಟ್ಟದಲ್ಲಿ ಕೊರೆದ 16 ಅಡಿಯ ನೇಮಿನಾಥಸ್ವಾಮಿಯ ದರ್ಶನ ಮಾಡಬೇಕೆಂಬುದು ಅವರ ಬಹುದಿನದ ಆಸೆ. ದರ್ಶನ ಚೆನ್ನಾಗಿಯೇ ಆಯಿತು. ಹಿಂದಿರುಗುವಾಗ ಕೃಷ್ಣಗಿರಿ ಸಮೀಪಿಸುವಷ್ಟರಲ್ಲಿ ನಾಲ್ಕೂವರೆ. ಆ ದಿನಗಳಲ್ಲಿ ಇಲ್ಲಿ ಹೊತ್ತು ಮುಳುಗುವುದು 5.50ರ ಸುಮಾರಿಗೆ. ತಾಯಿಯವರದು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಸುವ ನಿಯಮ. ಅವಸರದಲ್ಲಿ ದೊಡ್ಡದೊಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಬಡಿಸುವವನನ್ನು ಕೇಳಿದೆವು: "ಸಾಂಬಾರಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲ ತಾನೆ?" ಅವನು ನಾಲ್ಕು ತಟ್ಟೆ ಕೈಯಲ್ಲಿ ಹಿಡಿದುಕೊಂಡೇ "ಇಲ್ಲ ಸಾರ್" ಎಂದ.

ಎರಡು ತುತ್ತು ಆಗಿತ್ತು. ತಾಯಿಯವರ ಕೈ ನಿಂತಿತು. ಬೆರಳಿಗೆ ಸಿಕ್ಕಿದ್ದು ಬೆಂದು ಕರಗಿದ ಸಣ್ಣ ಈರುಳ್ಳಿಯ ಎಸಳು. ಐವತ್ತು ವರ್ಷಕ್ಕೂ ಮೇಲ್ಪಟ್ಟು ಪಾಲಿಸಿಕೊಂಡು ಬಂದ ವ್ರತ. ಅವರು ಏನೂ ಮಾತನಾಡಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿ, ಕಾರಿನಲ್ಲಿ ಕುಳಿತರು. ಅಂದು ರಾತ್ರಿ ನೀರೂ ಇಲ್ಲ. ಮರುದಿನ ಉಪವಾಸ. ನಾವು ಕೋಪದಲ್ಲಿ ಹೋಟೆಲಿನವನನ್ನು ಬೈಯುತ್ತ ಶೂಲಗಿರಿ ದಾಟಿದಾಗ ಹಿಂದಿನ ಸೀಟಿನಿಂದ ಒಂದು ಮಾತು ಬಂತು: "ಅವನನ್ನ್ಯಾಕೆ ಬೈತೀಯ? ನಮ್ಮ ಅಂಗಡೀಲಿ ಸೀರೆ ಹಿಡ್ಕೊಂಡು 'ಬಣ್ಣ ಹೋಗಲ್ಲ ತಾನೆ?' ಅಂತ ಕೇಳಿದವರಿಗೆ ನೀನು ಏನು ಹೇಳ್ತೀಯ?"

ನಮ್ಮದು ಬಟ್ಟೆ ವ್ಯಾಪಾರ. ಮೂವತ್ತು ವರ್ಷದಿಂದ ಗಲ್ಲಾದ ಮೇಲೆ ಕುಳಿತವರಿಗೆ ಆ ಮಾತು ಎಲ್ಲಿ ನಾಟಿತೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂದಿನಿಂದ ಹೋಟೆಲಿನಲ್ಲಿ ನಾವು 'ಇಲ್ಲ ತಾನೆ' ಎಂದು ಕೇಳುವುದನ್ನು ಬಿಟ್ಟಿದ್ದೇವೆ. "ಇದಕ್ಕೆ ಏನೇನು ಹಾಕ್ತೀರಿ?" ಎಂದು ಕೇಳುತ್ತೇವೆ. ಅದೂ ಬಡಿಸುವವನನ್ನಲ್ಲ, ಅಡಿಗೆಯವನನ್ನು ಅಥವಾ ಮಾಲೀಕನನ್ನು. ಊಟದ ಗದ್ದಲದಲ್ಲಲ್ಲ, ಹತ್ತು ನಿಮಿಷ ಮೊದಲು. ಗಿರಾಕಿ ಬಯಸಿದ ಉತ್ತರ ಪ್ರಶ್ನೆಯಲ್ಲೇ ಇಲ್ಲದಿದ್ದಾಗ ಎದುರಿನವನು ನಿಜ ಹೇಳುತ್ತಾನೆ. ಹೀಗೆ ಕೇಳಿದ್ದರಿಂದಲೇ ಕೃಷ್ಣಗಿರಿ ಊರೊಳಗಿನ ಒಂದು ಸಣ್ಣ ಮೆಸ್ ನಮಗೆ ದೊರೆಯಿತು. ಮಾಲೀಕ ತಾಯಿಯವರನ್ನು ನೋಡಿ ತಾನಾಗಿಯೇ, "ಸಾಂಬಾರ್ ವೇಂಡಾಂ ಅಮ್ಮಾ, ಅದುಲ ಚಿನ್ನ ವೆಂಗಾಯಂ ಇರುಕ್ಕು" ಎಂದ. ಸಾಂಬಾರು ಬೇಡ, ಅದರಲ್ಲಿ ಸಣ್ಣ ಈರುಳ್ಳಿ ಇದೆ ಎಂದು. ಪುಳಿಯೋದರೆ, ಮೊಸರನ್ನ ಕೊಟ್ಟ. ಮೊಸರನ್ನಕ್ಕೆ ಒಗ್ಗರಣೆಯ ಶುಂಠಿ ಬೇಡವೆಂದಾಗ ಬೇರೆಯಾಗಿ ಕಲಸಿದ. ತನ್ನ ಸರಕಿನ ದೋಷವನ್ನು ತಾನೇ ಹೇಳಿ ವ್ಯಾಪಾರ ಕಳೆದುಕೊಳ್ಳಲು ಸಿದ್ಧನಾದ ಆ ಮನುಷ್ಯನಲ್ಲಿಗೆ ನಾವೀಗ ಎಷ್ಟು ಕುಟುಂಬಗಳನ್ನು ಕಳಿಸಿದ್ದೇವೋ ಲೆಕ್ಕವಿಲ್ಲ.

ಆ ಕಡೆ ಹೋಗುವ ಅಕ್ಕತಂಗಿಯರಿಗಾಗಿ ಇನ್ನೊಂದಿಷ್ಟು. ಈರುಳ್ಳಿಗೆ ತಮಿಳಿನಲ್ಲಿ ವೆಂಗಾಯಂ, ಬೆಳ್ಳುಳ್ಳಿಗೆ ಪೂಂಡು, ಶುಂಠಿಗೆ ಇಂಜಿ, ಆಲೂಗಡ್ಡೆಗೆ ಉರುಳೈಕ್ಕಿಳಂಗು. ಇಡ್ಲಿಗೆ ಭಯವಿಲ್ಲ, ಅದರ ಜೊತೆಗಾರರದೇ ಭಯ. ಚಟ್ನಿಪುಡಿಯಲ್ಲಿ ಕೆಲವರು ಬೆಳ್ಳುಳ್ಳಿ ಹಾಕುತ್ತಾರೆ. ತಮಿಳರ ರಸದಲ್ಲಿ ಬೆಳ್ಳುಳ್ಳಿ ಸಾಮಾನ್ಯ, ಉದ್ದಿನವಡೆಯಲ್ಲಿ ಈರುಳ್ಳಿ ಹೆಚ್ಚಿ ಹಾಕುವುದುಂಟು, ಪೊಂಗಲ್‌ನಲ್ಲಿ ಶುಂಠಿ ಇರುತ್ತದೆ. ಕುರ್ಮದ ಹತ್ತಿರ ಹೋಗಲೇಬೇಡಿ. ಮಾವಿನ ಕಾಲವಾದರೆ ಚಿಂತೆ ಅರ್ಧ ಕಡಿಮೆ. ಕೃಷ್ಣಗಿರಿ ಮಾವಿನ ಸೀಮೆ, ರಸ್ತೆ ಪಕ್ಕದಲ್ಲೇ ರಾಶಿ. (ಆರ್ದ್ರಾ ನಕ್ಷತ್ರ ಹುಟ್ಟಿದ ಮೇಲೆ ಮಾವು ಮುಟ್ಟದ ನಮ್ಮ ಶ್ವೇತಾಂಬರ ಬಂಧುಗಳು ಜೂನ್ ಮೂರನೆಯ ವಾರದೊಳಗೆ ಬರುವುದು ಕ್ಷೇಮ!)

ಸೋದರಳಿಯ ಈ ಉಪಾಯವನ್ನೇ ಅಲ್ಲಿ ನಡೆಸಿದ. ಎರಡು ವಾರದ ನಂತರ ಅವನು ಒಪ್ಪಿಸಿದ ವರದಿ ಸ್ವಾರಸ್ಯವಾಗಿದೆ. ಸ್ವೀಡನ್ನಿನಲ್ಲಿ ಫಲಾಫೆಲ್ ಎಂಬ ಕಡಲೆಯ ವಡೆ ನಮ್ಮಲ್ಲಿಯ ಬೋಂಡದಷ್ಟೇ ಸಾಮಾನ್ಯ. ದಕ್ಷಿಣದ ಮಾಲ್ಮೋ ನಗರ ಅದಕ್ಕೆ ಹೆಸರುವಾಸಿ. ಆದರೆ ಆ ಹಿಟ್ಟಿನಲ್ಲೇ ಈರುಳ್ಳಿ ಬೆಳ್ಳುಳ್ಳಿ ರುಬ್ಬಿರುತ್ತಾರೆ, ಕೊನೆಯಲ್ಲಿ ತೆಗೆಯಲಾಗದು. ಹುಮ್ಮುಸ್ ಎಂದರೆ ಬೇಯಿಸಿದ ಕಾಬೂಲಿ ಕಡಲೆಗೆ ಎಳ್ಳಿನ ಪೇಸ್ಟು, ನಿಂಬೆರಸ ಸೇರಿಸಿ ರುಬ್ಬಿದ ಗೊಜ್ಜು. ಅದಕ್ಕೂ ಬೆಳ್ಳುಳ್ಳಿ ಬೀಳುತ್ತದೆ, ಆದರೆ ಆಗಾಗ ಹೊಸದಾಗಿ ರುಬ್ಬುವ ಕಡೆ ಹೇಳಿ ಮಾಡಿಸಿಕೊಳ್ಳಬಹುದು. ತೂಮ್ ಎಂಬ ಬೆಳ್ಳಗಿನ ಗೊಜ್ಜು ನೋಡಲು ಗಟ್ಟಿ ಮೊಸರಿನಂತಿದ್ದರೂ ಪೂರ್ತಿ ಬೆಳ್ಳುಳ್ಳಿಯೇ! ಇಟಲಿಯ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನ್ನೆಟ್‌ನಿಂದ. ಸಸ್ಯಾಹಾರವೆಂದು ಬರೆದ ಪಟ್ಟಿಯಲ್ಲೂ ಅದು ನುಸುಳುತ್ತದೆ. ಬಕ್ಲಾವಾ ಎಂಬ ಸಿಹಿಯನ್ನು ಕೆಲವರು ಸಕ್ಕರೆ ಪಾಕದಲ್ಲಿ, ಕೆಲವರು ಜೇನಿನಲ್ಲಿ ನೆನೆಸುತ್ತಾರೆ. ಮಧುತ್ಯಾಗವಿರುವವರು ಕೇಳದೆ ಬಾಯಿಗಿಡಬಾರದು.

ಸ್ವೀಡಿಷ್ ಭಾಷೆಯಲ್ಲಿ ಈರುಳ್ಳಿಗೆ 'ಲ್ಯೋಕ್' ಎನ್ನುತ್ತಾರಂತೆ. "ಉತಾನ್ ಲ್ಯೋಕ್" ಎಂದರೆ ಈರುಳ್ಳಿಯಿಲ್ಲದೆ. ಹುಡುಗ ಮೊದಲು ಕಲಿತ ಸ್ವೀಡಿಷ್ ಮಾತು ಅದೇ.

ಹೊಳೆಯುವ ದೊಡ್ಡ ಹೋಟೆಲುಗಳಲ್ಲಿ ಎಲ್ಲರೂ "ಆಗುತ್ತೆ, ಆಗುತ್ತೆ" ಎಂದರಂತೆ. ಒಬ್ಬ ಲೆಬನಾನಿನ ರೊಟ್ಟಿ ಅಂಗಡಿಯವನು ಮಾತ್ರ, "ಫಲಾಫೆಲ್ ನಿಮಗಾಗದು, ಬೆಳಿಗ್ಗೆಯೇ ಈರುಳ್ಳಿ ರುಬ್ಬಿ ಹಾಕಿದ್ದೇನೆ" ಎಂದು ಹೇಳಿ, ಎಳ್ಳು ಮತ್ತು ಒಣ ಸೊಪ್ಪಿನ ಪುಡಿಯನ್ನು ಆಲಿವ್ ಎಣ್ಣೆಯಲ್ಲಿ ಕಲಸಿ ಹಚ್ಚಿದ ಬಿಸಿ ರೊಟ್ಟಿ ಕೊಟ್ಟ. ಮನಾಕಿಶ್ ಎಂದು ಅದರ ಹೆಸರು. ಜೊತೆಗೆ ಟೊಮ್ಯಾಟೋ, ಸೌತೆಕಾಯಿ. ಹುಡುಗ ವಾರಕ್ಕೆ ಮೂರು ದಿನ ಅಲ್ಲಿಯೇ ಊಟ ಮಾಡುತ್ತಿದ್ದಾನೆ.

ಇದನ್ನೆಲ್ಲ ಕೇಳಿಸಿಕೊಂಡ ತಾಯಿಯವರು ಫೋನು ತಮ್ಮ ಕೈಗೆ ತೆಗೆದುಕೊಂಡರು.

"ಅಲ್ಲಿ ಹೊತ್ತು ಯಾವಾಗ ಮುಳುಗುತ್ತೆ ಮಗಾ?"

"ಡಿಸೆಂಬರಲ್ಲಿ ಎರಡೂಮುಕ್ಕಾಲಿಗೇ ಕತ್ತಲಾಗೋಕೆ ಶುರು ಅಜ್ಜಿ. ಬೆಳಿಗ್ಗೆ ಹುಟ್ಟೋದೇ ಎಂಟೂಮುಕ್ಕಾಲಿಗೆ."

ಅಜ್ಜಿ ಬೆರಳು ಮಡಿಸಿ ಎರಡೂ ಕಡೆ ಎರಡೆರಡು ಘಳಿಗೆ ಕಳೆದರು. ಒಂಬತ್ತೂವರೆಯಿಂದ ಎರಡು ಗಂಟೆ.

"ಹಾಗಾದ್ರೆ ಆ ರೊಟ್ಟಿಯವನು ಎಷ್ಟು ಹೊತ್ತಿಗೆ ಒಲೆ ಹಚ್ತಾನೆ, ಈಗಲೇ ಕೇಳಿಟ್ಟುಕೋ."