37 ದಿನಗಳ ಬಿಡುವು

2024ರ ಏಪ್ರಿಲ್ 7ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್ ನಡೆಯಿತು. ಅಯೋವಾ ವಿಶ್ವವಿದ್ಯಾಲಯ 75–87ರಲ್ಲಿ ಸೌತ್ ಕ್ಯಾರೊಲಿನಾಕ್ಕೆ ಸೋತಿತು. ಅಯೋವಾದ ಕೇಟ್ಲಿನ್ ಕ್ಲಾರ್ಕ್ ಒಬ್ಬರೇ 30 ಅಂಕ ಗಳಿಸಿದ್ದರು. ಟಿ.ವಿ.ಯಲ್ಲಿ ಆ ಪಂದ್ಯ ನೋಡಿದವರ ಸರಾಸರಿ ಸಂಖ್ಯೆ 1.89 ಕೋಟಿ. ಮರುದಿನದ ಪುರುಷರ ಫೈನಲ್ ನೋಡಿದವರಿಗಿಂತ ಇದು 40 ಲಕ್ಷ ಹೆಚ್ಚು. ಆ ಆಟದ ಚರಿತ್ರೆಯಲ್ಲಿ ಹಾಗೆ ಹಿಂದೆಂದೂ ಆಗಿರಲಿಲ್ಲ.

ಎಂಟು ದಿನ ಕಳೆದು ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ದಿನ. ಇಂಡಿಯಾನಾ ಫೀವರ್ ತಂಡ ಮೊದಲ ಆಯ್ಕೆಯಲ್ಲೇ ಕ್ಲಾರ್ಕ್ ಅವರನ್ನು ತೆಗೆದುಕೊಂಡಿತು. ಮೇ 14ರಂದು ಕನೆಕ್ಟಿಕಟ್ ಸನ್ ವಿರುದ್ಧ ಮೊದಲ ಪಂದ್ಯ. ಕ್ಲಾರ್ಕ್ 20 ಅಂಕ ಗಳಿಸಿದರು, ಹತ್ತು ಸಲ ಚೆಂಡನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟರು. ತಂಡ 71–92ರಲ್ಲಿ ಸೋತಿತು. ಕಾಲೇಜಿನಲ್ಲಿ ಮೆರೆದ ಈ ಹುಡುಗಿ ವೃತ್ತಿಪರರ ನಡುವೆ ನಿಲ್ಲಬಲ್ಲಳೇ ಎಂಬ ಪ್ರಶ್ನೆಯ ಗುಸುಗುಸು ವಾರಗಳಿಂದ ನಡೆದಿತ್ತು. ಆ ರಾತ್ರಿ ಅದು ಗಟ್ಟಿದನಿ ಪಡೆಯಿತು.

ನಿಲ್ಲಬಲ್ಲರು, ನಿಂತಿದ್ದಾರೆ. ಅದರ ವಿವರಕ್ಕೆ ಮುಂದೆ ಬರುತ್ತೇವೆ. ನಮ್ಮ ತಕರಾರು ಪ್ರಶ್ನೆ ಕೇಳಿದ ಹೊತ್ತಿನ ಬಗ್ಗೆ. ಕಾಲೇಜಿನ ಕೊನೆಯ ಪಂದ್ಯಕ್ಕೂ ಕಸುಬಿನ ಮೊದಲ ಪಂದ್ಯಕ್ಕೂ ನಡುವೆ ಇದ್ದದ್ದು 37 ದಿನ. ಅಷ್ಟರಲ್ಲಿ ಊರು ಬದಲಾಗಬೇಕು, ತರಬೇತುದಾರರು ಬದಲಾಗಬೇಕು, ಹೊಸ ತಂಡದ ತಂತ್ರಗಳನ್ನು ಕಲಿಯಬೇಕು. ಐದು ತಿಂಗಳು ಆಡಿ ದಣಿದ ಮೈಗೆ ವಿಶ್ರಾಂತಿಯನ್ನೂ ಅಷ್ಟರೊಳಗೇ ಹೇಗೋ ಹುಡುಕಿಕೊಳ್ಳಬೇಕು. ಗಂಡು ಹುಡುಗರಿಗೆ ಈ ಧಾವಂತವಿಲ್ಲ. ಅವರ ಕಾಲೇಜು ಋತುವೂ ಏಪ್ರಿಲ್‌ನಲ್ಲೇ ಮುಗಿಯುತ್ತದೆ, ಆದರೆ ಡ್ರಾಫ್ಟ್ ನಡೆಯುವುದು ಜೂನ್ ಕೊನೆಗೆ. ಜುಲೈಯಲ್ಲಿ ಹೊಸಬರಿಗೆಂದೇ ಬೇಸಿಗೆ ಪಂದ್ಯಗಳಿರುತ್ತವೆ. ನಿಜವಾದ ಆಟ ಶುರುವಾಗುವ ಹೊತ್ತಿಗೆ ಅಕ್ಟೋಬರ್ ಬಂದಿರುತ್ತದೆ. ಆರು ತಿಂಗಳು ಸಿಕ್ಕಿದವನನ್ನೂ 37 ದಿನ ಸಿಕ್ಕಿದವಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾವು ಒಪ್ಪುವುದಿಲ್ಲ.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಆಟ. ಚೆಂಡು ಅದೇ ಅಳತೆಯದು, ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಮೂರು ಅಂಕದ ಗೆರೆಯೂ ಈಗ ಹೆಚ್ಚುಕಡಿಮೆ ಅಷ್ಟೇ ದೂರ. ಕಾಲೇಜಿನಲ್ಲಿ ಬುಟ್ಟಿಗೆ ಎಸೆಯಲು 30 ಸೆಕೆಂಡ್ ಅವಕಾಶವಿದ್ದರೆ ವೃತ್ತಿಪರರಿಗೆ 24. ನಿಯಮದ ಪುಸ್ತಕದಲ್ಲಿ ಕಾಣುವ ದೊಡ್ಡ ವ್ಯತ್ಯಾಸ ಅದೊಂದೇ. ನಿಜವಾದ ವ್ಯತ್ಯಾಸ ಎದುರಿಗೆ ಬಂದು ನಿಲ್ಲುವ ಮೈಗಳಲ್ಲಿದೆ. ಅಮೆರಿಕದಲ್ಲಿ ಮೇಲ್ದರ್ಜೆಯ ಕಾಲೇಜು ತಂಡಗಳೇ ಸುಮಾರು 350 ಇವೆ. 2024ರಲ್ಲಿ ಡಬ್ಲ್ಯುಎನ್‌ಬಿಎಯಲ್ಲಿದ್ದದ್ದು 12 ತಂಡ, ತಂಡಕ್ಕೆ ಹೆಚ್ಚೆಂದರೆ 12 ಆಟಗಾರ್ತಿಯರು, ಒಟ್ಟು 144 ಜಾಗ. ಪ್ರತಿ ವರ್ಷ ಡ್ರಾಫ್ಟ್‌ನಲ್ಲಿ ಆಯ್ಕೆಯಾದವರಲ್ಲಿ ಎಷ್ಟೋ ಮಂದಿ ಒಂದು ಪಂದ್ಯವನ್ನೂ ಆಡದೆ ಮೇ ತಿಂಗಳಲ್ಲೇ ಮನೆಗೆ ಮರಳುತ್ತಾರೆ. ಉಳಿದುಕೊಂಡವರ ಎದುರಿಗೆ ನಿಲ್ಲುವವರು ಮೂವತ್ತರ ಆಸುಪಾಸಿನ ಹೆಂಗಸರು. ಹತ್ತು ವರ್ಷ ಇದೇ ಕಸುಬಿನಲ್ಲಿ ಪಳಗಿದವರು. ಭುಜ ಎಲ್ಲಿ ಒತ್ತಿದರೆ ಎದುರಾಳಿಯ ಹೆಜ್ಜೆ ತಪ್ಪುತ್ತದೆ, ರೆಫರಿ ಎಷ್ಟರ ತನಕ ಸೀಟಿ ಊದುವುದಿಲ್ಲ ಎಂಬುದು ಅವರಿಗೆ ಕರತಲಾಮಲಕ.

ಕ್ಲಾರ್ಕ್ ಅವರ ಮೊದಲ ವರ್ಷದ ಅಂಕಿಗಳಲ್ಲಿ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಎರಡು. ಆ ಋತುವಿನಲ್ಲಿ ಅವರು 337 ಅಸಿಸ್ಟ್ ಕೊಟ್ಟರು, ಅಂದರೆ ಅಷ್ಟು ಬಾರಿ ಅವರ ಪಾಸ್ ಹಿಡಿದ ಗೆಳತಿ ಬುಟ್ಟಿಗೆ ಚೆಂಡು ಹಾಕಿದಳು. ಅದು ಆಗಿನ ಲೀಗ್ ದಾಖಲೆ. ಅದೇ ಋತುವಿನಲ್ಲಿ 223 ಸಲ ಚೆಂಡು ಕಳೆದುಕೊಂಡರು. ಅದೂ ದಾಖಲೆಯೇ. ಒಂದೇ ಕೈ ಎರಡನ್ನೂ ಮಾಡಿತು. ಟೀಕಾಕಾರರು ಎರಡನೆಯ ಅಂಕಿಯನ್ನು ಮಾತ್ರ ಹಿಡಿದುಕೊಂಡರು, ಅಭಿಮಾನಿಗಳು ಮೊದಲನೆಯದನ್ನು. ಎರಡನ್ನೂ ಜೊತೆಗಿಟ್ಟು ನೋಡಿದಾಗ ನಡೆದದ್ದು ಅರ್ಥವಾಗುತ್ತದೆ. ಕ್ಲಾರ್ಕ್ ಅವರ ಪಾಸ್ ಗೆಳತಿ ನಿಂತ ಜಾಗಕ್ಕೆ ಹೋಗುವುದಿಲ್ಲ, ಆಕೆ ಇನ್ನೊಂದು ಕ್ಷಣಕ್ಕೆ ತಲುಪಬೇಕಾದ ಜಾಗಕ್ಕೆ ಹೋಗುತ್ತದೆ. ಅಯೋವಾದಲ್ಲಿ ನಾಲ್ಕು ವರ್ಷ ಜೊತೆಗೆ ಆಡಿದವರಿಗೆ ಅದು ಗೊತ್ತಿತ್ತು. ಇಂಡಿಯಾನಾದ ಹುಡುಗಿಯರಿಗೆ ಮೇ ತಿಂಗಳಲ್ಲಿ ಗೊತ್ತಿರಲಿಲ್ಲ. ಚೆಂಡು ಅವರ ಬೆರಳಿಗೆ ತಾಗಿ ಹೊರಗೆ ಹೋಗುತ್ತಿತ್ತು, ಬೆನ್ನ ಹಿಂದೆ ಹಾದುಹೋಗುತ್ತಿತ್ತು. ಹೀಗೆ ಒಬ್ಬರ ಕೈ ಇನ್ನೊಬ್ಬರ ಕಣ್ಣಿಗೆ ಒಗ್ಗಲು ಅಭ್ಯಾಸದ ದಿನಗಳು ಬೇಕು. ಋತುವಿನ ಆರಂಭದಲ್ಲಿ ಆ ತಂಡಕ್ಕೆ ಇದ್ದದ್ದು 20 ದಿನಗಳಲ್ಲಿ 11 ಪಂದ್ಯ. ಅಭ್ಯಾಸ ಮಾಡುವುದು ಯಾವಾಗ? ಹನ್ನೊಂದರಲ್ಲಿ ಒಂಬತ್ತು ಸೋತರು.

ಆಮೇಲೆ ಆದದ್ದನ್ನು ಗಮನಿಸಬೇಕು. ಜುಲೈ 6ರಂದು ನ್ಯೂಯಾರ್ಕ್ ಲಿಬರ್ಟಿ ವಿರುದ್ಧ ಕ್ಲಾರ್ಕ್ 19 ಅಂಕ, 12 ರಿಬೌಂಡ್, 13 ಅಸಿಸ್ಟ್ ಗಳಿಸಿದರು. ಮೊದಲ ವರ್ಷದ ಆಟಗಾರ್ತಿಯೊಬ್ಬರು ಹೀಗೆ ಮೂರರಲ್ಲೂ ಎರಡಂಕಿ ಮುಟ್ಟಿದ್ದು ಲೀಗ್‌ನಲ್ಲಿ ಅದೇ ಮೊದಲು. ಅದೇ ತಿಂಗಳ 17ರಂದು ಡಲ್ಲಾಸ್‌ನಲ್ಲಿ 19 ಅಸಿಸ್ಟ್ ಕೊಟ್ಟು ಒಂದು ಪಂದ್ಯದ ದಾಖಲೆಯನ್ನೂ ಮುರಿದರು. ನಂತರ ಪ್ಯಾರಿಸ್ ಒಲಿಂಪಿಕ್ಸ್‌ಗಾಗಿ ಲೀಗ್ ಸುಮಾರು ಒಂದು ತಿಂಗಳು ನಿಂತಿತು. ಅಮೆರಿಕದ ತಂಡಕ್ಕೆ ಕ್ಲಾರ್ಕ್ ಅವರನ್ನು ಆರಿಸಿರಲಿಲ್ಲ. ಆಗ ಅದನ್ನು ದೊಡ್ಡ ಅನ್ಯಾಯವೆಂದು ಹುಯಿಲೆಬ್ಬಿಸಿದವರಿದ್ದರು. ನಮಗೆ ಮಾತ್ರ ಅದು ಆಕೆಗೆ ವರ್ಷದಲ್ಲಿ ಸಿಕ್ಕಿದ ಮೊದಲ ನಿಜವಾದ ಬಿಡುವು ಎನಿಸುತ್ತದೆ. ಬಿಡುವಿಗೆ ಮುಂಚೆ 11 ಗೆದ್ದು 15 ಸೋತಿದ್ದ ಫೀವರ್, ಬಿಡುವಿನ ನಂತರ 9 ಗೆದ್ದು 5 ಸೋತಿತು. 2016ರ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿತು. ಪಂದ್ಯಕ್ಕೆ 19.2 ಅಂಕ, 8.4 ಅಸಿಸ್ಟ್ ಸರಾಸರಿಯ ಕ್ಲಾರ್ಕ್ ವರ್ಷದ ಹೊಸ ಆಟಗಾರ್ತಿ ಎನಿಸಿಕೊಂಡು, ಲೀಗ್‌ನ ಮೊದಲ ಐವರ ಪಟ್ಟಿಯಲ್ಲೂ ಸ್ಥಾನ ಪಡೆದರು. ನಿಲ್ಲಬಲ್ಲಳೇ ಎಂದು ಕೇಳಿದವರಿಗೆ ನಾಲ್ಕು ತಿಂಗಳಲ್ಲಿ ಸಿಕ್ಕಿದ ಉತ್ತರ ಇದು.

ಇಲ್ಲಿಗೇ ಮುಗಿಸಿದ್ದರೆ ಇದು ಒಬ್ಬರ ಗೆಲುವಿನ ಕತೆಯಾಗುತ್ತಿತ್ತು. ಆದರೆ ಕಾಲೇಜು ಮಹಿಳೆಯರ ಅತಿ ಹೆಚ್ಚು ಅಂಕಗಳ ದಾಖಲೆ ಕ್ಲಾರ್ಕ್ ಅವರ ಕೈಗೆ ಬರುವ ಮುಂಚೆ ಯಾರ್‍ಯಾರ ಕೈಯಲ್ಲಿತ್ತು ಎಂದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಲಿನೆಟ್ ವುಡರ್ಡ್ 1981ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯ ಬಿಟ್ಟಾಗ ಅವರ ಹೆಸರಿನಲ್ಲಿ 3,649 ಅಂಕಗಳಿದ್ದವು. ಮಹಿಳಾ ಕ್ರೀಡೆಯನ್ನು ಆಗ ಬೇರೆ ಸಂಘ ನಡೆಸುತ್ತಿತ್ತು. ಆ ಒಂದೇ ಕಾರಣಕ್ಕೆ ಕಾಲೇಜು ಕ್ರೀಡೆಯ ಸಂಸ್ಥೆ ಎನ್‌ಸಿಎಎ ತನ್ನ ದಾಖಲೆ ಪುಸ್ತಕದಲ್ಲಿ ಆ ಅಂಕಗಳಿಗೆ ಮೊದಲ ಸ್ಥಾನ ಕೊಡಲಿಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಆಕೆ ಹೋಗಿ ಆಡಲು ದೇಶದಲ್ಲಿ ನೆಲೆನಿಂತ ಲೀಗೇ ಇರಲಿಲ್ಲ. 1984ರ ಒಲಿಂಪಿಕ್ಸ್‌ನಲ್ಲಿ ತಂಡದ ನಾಯಕಿಯಾಗಿ ಚಿನ್ನ ಗೆದ್ದರು. ಮರುವರ್ಷ ಪ್ರದರ್ಶನ ಪಂದ್ಯಗಳನ್ನಾಡುವ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಸೇರಿ ಅದರ ಮೊದಲ ಮಹಿಳೆಯಾದರು. ಇಟಲಿಯಲ್ಲಿ, ಜಪಾನ್‌ನಲ್ಲಿ ಆಡಿದರು. ಡಬ್ಲ್ಯುಎನ್‌ಬಿಎ ಶುರುವಾದದ್ದು 1997ರಲ್ಲಿ. ಕ್ಲೀವ್‌ಲ್ಯಾಂಡ್ ತಂಡದ ಅಂಗಿ ತೊಟ್ಟು ವುಡರ್ಡ್ ಅಂಕಣಕ್ಕಿಳಿದಾಗ ಅವರಿಗೆ 37 ವರ್ಷ. ಆ ಮೈಯಲ್ಲಿ ಉಳಿದಿದ್ದ ಆಟ ಎಷ್ಟಿತ್ತೋ ಅಷ್ಟನ್ನು ಎರಡು ವರ್ಷ ಆಡಿ ಮುಗಿಸಿದರು.

ಇಲ್ಲಿ ನಮ್ಮ ಊರಿನ ನೆನಪು ಬಾರದೆ ಇರದು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಲ್ಲಿ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು. ಅಂಥ ಆಟಗಾರ್ತಿಯರಿಗೆ ನಮ್ಮಲ್ಲಿ ಬದುಕಿನ ದಾರಿಯೆಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಯದೋ ಮತ್ತೊಂದು ಇಲಾಖೆಯದೋ ನೌಕರಿ. ವುಡರ್ಡ್ 1981ರಲ್ಲಿ ನಿಂತಿದ್ದ ಜಾಗದಲ್ಲೇ ನಮ್ಮ ಕಾಲೇಜು ಹುಡುಗಿಯರು ಇಂದಿಗೂ ನಿಂತಿದ್ದಾರೆ.

ಅಂಕಗಳ ದಾಖಲೆ ಹೊಂದಿದ್ದ ಮತ್ತೊಬ್ಬರಾದ ಜಾಕಿ ಸ್ಟೈಲ್ಸ್ ಅವರಿಗೆ ಲೀಗ್ ಇತ್ತು, ಆದರೆ ದೇಹ ಉಳಿಯಲಿಲ್ಲ. ಕಾನ್ಸಾಸ್‌ನ ಪುಟ್ಟ ಊರಿನವರು. ಮಿಸೌರಿಯ ಕಾಲೇಜಿನಲ್ಲಿ 3,393 ಅಂಕ ಗಳಿಸಿ 2001ರಲ್ಲಿ ಪೋರ್ಟ್‌ಲ್ಯಾಂಡ್ ಫೈರ್ ತಂಡ ಸೇರಿದರು. ಆ ವರ್ಷದ ಹೊಸ ಆಟಗಾರ್ತಿ ಪ್ರಶಸ್ತಿಯನ್ನೂ ಪಡೆದರು. ಮುಂದಿನ ವರ್ಷ ಗಾಯ, ಸಾಲು ಸಾಲು ಶಸ್ತ್ರಚಿಕಿತ್ಸೆ. ಆ ಋತುವಿನ ನಂತರ ತಂಡವೇ ಮುಚ್ಚಿಹೋಯಿತು. ಎರಡೇ ಋತುಗಳಲ್ಲಿ ಲೀಗ್‌ನಲ್ಲಿ ಅವರ ಆಟ ಮುಗಿಯಿತು. ಕಾಲೇಜಿನ ಕೊನೆಯ ಪಂದ್ಯಗಳಿಂದ ನೇರವಾಗಿ, ಉಸಿರು ತೆಗೆದುಕೊಳ್ಳದೆ, ಲೀಗ್‌ಗೆ ಬಂದವರು ಅವರೂ.

ಕೆಲ್ಸಿ ಪ್ಲಮ್ 2017ರಲ್ಲಿ 3,527 ಅಂಕಗಳೊಂದಿಗೆ ಮೊದಲ ಆಯ್ಕೆಯಾಗಿ ಸ್ಯಾನ್ ಆಂಟೋನಿಯೊ ತಂಡಕ್ಕೆ ಬಂದರು. ಮೊದಲ ವರ್ಷ ಸರಾಸರಿ 8.5 ಅಂಕ. ಆಗ ಅವರನ್ನು ಕಾಲೇಜಿಗಷ್ಟೇ ಲಾಯಕ್ಕೆಂದು ಬದಿಗೆ ಸರಿಸುವುದು ಸುಲಭವಿತ್ತು. ತಂಡ ಲಾಸ್ ವೇಗಸ್‌ಗೆ ಸ್ಥಳಾಂತರವಾಯಿತು, 2020ರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು ಇಡೀ ವರ್ಷ ಹೊರಗುಳಿದರು, ಮರುವರ್ಷ ಬೆಂಚಿನಿಂದ ಎದ್ದುಬಂದು ಆಡಿದರು. 2022ರಲ್ಲಿ ಅವರ ಸರಾಸರಿ 20 ದಾಟಿತು. ಆ ವರ್ಷವೂ ಮುಂದಿನ ವರ್ಷವೂ ಅವರ ತಂಡ ಲೀಗ್ ಗೆದ್ದಿತು. ಮೊದಲ ವರ್ಷದ ಪ್ಲಮ್ ಕೂಡ 2022ರ ಪ್ಲಮ್ ಅವರಷ್ಟೇ ಪ್ರತಿಭಾವಂತೆ. ನಡುವಿನ ಐದು ವರ್ಷ ಆಕೆಗಾಗಿ ಕಾದವರಿದ್ದರು ಎಂಬುದೇ ವ್ಯತ್ಯಾಸ.

2024ರ ಮಾರ್ಚ್ 3ರಂದು ಕ್ಲಾರ್ಕ್ ಅವರು ಪುರುಷರ ದಾಖಲೆ ಹೊಂದಿದ್ದ ಪೀಟ್ ಮಾರಾವಿಚ್ ಅವರ 3,667 ಅಂಕಗಳನ್ನು ದಾಟಿ, ಗಂಡು ಹೆಣ್ಣೆನ್ನದೆ ಮೇಲ್ದರ್ಜೆಯ ಕಾಲೇಜು ಆಟದ ಮೊದಲ ಸ್ಥಾನಕ್ಕೇರಿದಾಗ ವುಡರ್ಡ್ ಅಯೋವಾದ ಆ ಕ್ರೀಡಾಂಗಣದಲ್ಲೇ ಕುಳಿತಿದ್ದರು. ಒಬ್ಬರಿಗೆ ಲೀಗ್ ಇರಲಿಲ್ಲ, ಒಬ್ಬರಿಗೆ ದೇಹ ಕೈಕೊಟ್ಟಿತು, ಒಬ್ಬರಿಗೆ ಕಾಲ ಬೇಕಾಯಿತು. ಯಾರಿಗೂ ಆಟ ಬಾರದೆ ಹೋಗಿರಲಿಲ್ಲ. ಹಾಗಿರುವಾಗ ಪ್ರತಿ ಹೊಸ ಹುಡುಗಿ ಬಂದಾಗಲೂ ಅವಳಿಗೆ ಆಟ ಬರುತ್ತದೆಯೇ ಎಂದೇ ಮೊದಲು ವಿಚಾರಣೆ ನಡೆಸುವುದೇಕೆ?

ಹಣದ ಮಾತನ್ನೂ ಹೇಳಬೇಕು. ಕ್ಲಾರ್ಕ್ ಅವರ ಮೊದಲ ವರ್ಷದ ಸಂಬಳ 76,535 ಡಾಲರ್. ಜಾಹೀರಾತುಗಳಿಂದ ಅವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬರುತ್ತದೆ, ಅವರ ಬಗ್ಗೆ ನಮಗೆ ಚಿಂತೆಯಿಲ್ಲ. ಚಿಂತೆ ಅದೇ ತಂಡದ ಬೆಂಚಿನ ಕೊನೆಯಲ್ಲಿ ಕುಳಿತವಳ ಬಗ್ಗೆ. ಇಷ್ಟು ಸಂಬಳ ಸಾಲದೆಂದು ಬಹಳ ವರ್ಷ ಆಟಗಾರ್ತಿಯರು ಬೇಸಿಗೆಯಲ್ಲಿ ಅಮೆರಿಕದಲ್ಲಿ ಆಡಿ, ಚಳಿಗಾಲದಲ್ಲಿ ರಷ್ಯಾ, ಟರ್ಕಿ, ಚೀನಾಗಳಿಗೆ ಹೋಗಿ ಆಡುತ್ತಿದ್ದರು. ವರ್ಷವಿಡೀ ವಿಶ್ರಾಂತಿಯಿಲ್ಲ. 2022ರಲ್ಲಿ ಡಬ್ಲ್ಯುಎನ್‌ಬಿಎ ಆಟಗಾರ್ತಿ ಬ್ರಿಟ್ನಿ ಗ್ರೈನರ್ ಮಾಸ್ಕೊ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾಗಿ ಹತ್ತು ತಿಂಗಳು ಸೆರೆಯಲ್ಲಿದ್ದರಲ್ಲ, ಅವರು ಅಲ್ಲಿಗೆ ಹೊರಟಿದ್ದು ಆಡಲೆಂದೇ. 2024ರ ಜುಲೈಯಲ್ಲಿ ಲೀಗ್ 11 ವರ್ಷಗಳಿಗೆ ಸುಮಾರು 220 ಕೋಟಿ ಡಾಲರ್‌ಗಳ ಪ್ರಸಾರ ಒಪ್ಪಂದ ಮಾಡಿಕೊಂಡಿತು. ಮರುವರ್ಷದ ಆಲ್‌ಸ್ಟಾರ್ ಪಂದ್ಯದಲ್ಲಿ ಆಟಗಾರ್ತಿಯರು ನಮಗೆ ಬರಬೇಕಾದ್ದನ್ನು ಕೊಡಿ ಎಂಬ ಬರಹದ ಅಂಗಿ ತೊಟ್ಟು ಬಂದರು. ನ್ಯಾಯ ಅವರ ಕಡೆಗಿದೆ.

ಆದರೆ ಸಂಬಳ ಏರಿದ ಮಾತ್ರಕ್ಕೆ ಮೈ ತಡೆದುಕೊಳ್ಳುವುದಿಲ್ಲ. ಲೀಗ್ 2024ರಲ್ಲಿ 40 ಇದ್ದ ಪಂದ್ಯಗಳನ್ನು 2025ಕ್ಕೆ 44 ಮಾಡಿತು. ಪುರುಷರ ಲೀಗ್ ನಡೆಯದ ತಿಂಗಳುಗಳಲ್ಲೇ ಎಲ್ಲವೂ ಮುಗಿಯಬೇಕೆಂಬ ಒತ್ತಡ ಆರಂಭದಿಂದಲೂ ಇದೆ. ಹಾಗಾಗಿ ಪಂದ್ಯ ಹೆಚ್ಚಾದಷ್ಟೂ ನಡುವಿನ ದಿನ ಕಡಿಮೆಯಾಗುತ್ತದೆ. ಕಾಲೇಜಿನಲ್ಲಿ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳದ ಕ್ಲಾರ್ಕ್ ಅವರಿಗೆ ಎರಡನೆಯ ವರ್ಷದಲ್ಲಿ ತೊಡೆ ಮತ್ತು ತೊಡೆಸಂದಿನ ಗಾಯಗಳಿಂದ ಆಡಲಾದದ್ದು 13 ಪಂದ್ಯ ಮಾತ್ರ. ಮೊದಲ ವರ್ಷದ ಆಟಗಾರ್ತಿಯರಿಗೆ ಆರಂಭದ ಒಂದು ತಿಂಗಳು ಬೆನ್ನುಬೆನ್ನಿಗೆ ಪಂದ್ಯ ಬೀಳದಂತೆ ವೇಳಾಪಟ್ಟಿ ಹಾಕಬೇಕು. ಪ್ರತಿ ತಂಡದಲ್ಲೂ ಪಂದ್ಯದ ಲೆಕ್ಕಕ್ಕೆ ಸೇರದೆ ಅಭ್ಯಾಸ ಮಾಡುತ್ತ ಬೆಳೆಯುವ ಹೊಸಬರಿಗಾಗಿ ಎರಡು ಮೂರು ಜಾಗ ಇರಬೇಕು. ಇದು ಲೀಗ್‌ಗೂ ಆಟಗಾರ್ತಿಯರ ಸಂಘಕ್ಕೂ ನಮ್ಮ ಒತ್ತಾಯ. ಪ್ರಸಾರದಿಂದ ಬರುವ ಹಣದ ಎದುರಿಗೆ ಇದರ ಖರ್ಚು ಬಹಳ ಸಣ್ಣದು.

ಫೀವರ್ ತಂಡದಲ್ಲೇ ಇನ್ನೊಬ್ಬರಿದ್ದಾರೆ, ಕೆಲ್ಸಿ ಮಿಚೆಲ್. ಒಹಾಯೊ ಸ್ಟೇಟ್‌ನಲ್ಲಿ 3,402 ಅಂಕ ಗಳಿಸಿ 2018ರಲ್ಲಿ ಎರಡನೆಯ ಆಯ್ಕೆಯಾಗಿ ಬಂದವರು. ಆರು ವರ್ಷ ಸೋಲುವ ತಂಡದಲ್ಲೇ ಆಡಿದರು. ಈಕೆ ನಿಲ್ಲಬಲ್ಲಳೇ ಎಂದು ದೇಶ ಕೇಳಿದ್ದಿಲ್ಲ. ಪ್ಲೇಆಫ್‌ನ ಮುಖ ಕಂಡದ್ದೇ ಏಳನೆಯ ವರ್ಷದಲ್ಲಿ. ಎಂಟನೆಯ ವರ್ಷ, ಕ್ಲಾರ್ಕ್ ಗಾಯಗೊಂಡು ಕುಳಿತಿದ್ದಾಗ, ಪಂದ್ಯಕ್ಕೆ 20 ಅಂಕದಂತೆ ಗಳಿಸಿ ತಂಡವನ್ನು ಸೆಮಿಫೈನಲ್‌ವರೆಗೆ ಕರೆದೊಯ್ದರು, ಲೀಗ್‌ನ ಮೊದಲ ಐವರಲ್ಲಿ ಒಬ್ಬರಾದರು. ಲಾಸ್ ವೇಗಸ್ ವಿರುದ್ಧದ ಸೆಮಿಫೈನಲ್ ಸರಣಿಯ ಐದನೆಯ ಪಂದ್ಯದ ನಡುವೆ, ದಣಿವು ಮಿತಿಮೀರಿ ಸ್ನಾಯುಗಳು ಕಟ್ಟಿಕೊಂಡು, ಕಾಲು ಕದಲಿಸಲಾಗದೆ ಅವರನ್ನು ಅಂಕಣದಿಂದ ಆಸ್ಪತ್ರೆಗೆ ಒಯ್ಯಬೇಕಾಯಿತು. ಅಂದು 2025ರ ಸೆಪ್ಟೆಂಬರ್ 30.